ಶಿಕ್ಷಕರ ಕ್ಷೇತ್ರದ ಓಟು: ಫಾರಂ 19ರಿಂದ ಸದನದ ಪ್ರಶ್ನೆವರೆಗೆ, ಸರ್ಕಾರಿ ಶಾಲೆ ಪರವಾಗಿ ಮೇಷ್ಟ್ರುಗಳು ಏನೇನು ಮಾಡ್ಬೇಕು

ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದ ಚುನಾವಣೆ ಬಂದಾಗೆಲ್ಲ ಸ್ಟಾಫ್ ರೂಮಲ್ಲಿ ಅದೇ ಮಾತು ಕೇಳ್ತೀವಿ. "ಹೋದ ಸಲ ಓಟು ಹಾಕಿದ್ದೆ ಸರ್, ಈ ಸಲ ಲಿಸ್ಟಲ್ಲಿ ಹೆಸರೇ ಇಲ್ಲ." ಇನ್ನೊಬ್ಬರು ಬೂತಿಗೆ ಹೋಗಿ ಟಿಕ್ ಮಾರ್ಕ್ ಹಾಕಿ ಬಂದಿರ್ತಾರೆ, ಅದು ಕುಲಗೆಟ್ಟ ಮತ ಅಂತ ಆಮೇಲೆ ಗೊತ್ತಾಗತ್ತೆ. ಗೆದ್ದೋರು ಆರು ವರ್ಷದಲ್ಲಿ ಒಂದ್ಸಲನೂ ನಮ್ಮ ಶಾಲೆ ವಿಷಯ ಎತ್ಲಿಲ್ಲ ಅನ್ನೋದಂತೂ ಎಲ್ಲರ ದೂರು. ಇದೆಲ್ಲ ಪ್ರಚಾರದ ವಾರದಲ್ಲಿ ಸರಿಹೋಗೋ ವಿಷಯ ಅಲ್ಲ, ತಿಂಗಳುಗಟ್ಟಲೆ ಮೊದಲೇ ಫಾರಂ 19 (ಈ ಕ್ಷೇತ್ರದ ಮತದಾರರ ಪಟ್ಟಿಗೆ ಹೆಸರು ಸೇರಿಸೋ ಅರ್ಜಿ), ಕಾಗದ ಪತ್ರ ಹಿಡ್ಕೊಂಡು ಕೂತ್ರೆ ಮಾತ್ರ ಆಗತ್ತೆ. ಹಾಗಾಗಿ ಯಾವುದು ಮೊದಲು ಯಾವುದು ಆಮೇಲೆ ಅಂತ ಕ್ರಮವಾಗಿ ಬರೀತಿದೀನಿ.

ಶುರು ಮಾಡೋಕೆ ಮುಂಚೆ ಕೈಯಲ್ಲಿ ಏನಿರ್ಬೇಕು

ವೋಟರ್ ಐಡಿ, ಈಗಿನ ಮನೆ ವಿಳಾಸದ ದಾಖಲೆ, ಪಾಸ್‌ಪೋರ್ಟ್ ಸೈಜ್ ಫೋಟೋ, ನೇಮಕಾತಿ ಆದೇಶದ ಜೆರಾಕ್ಸ್, ಕಳೆದ ಆರು ವರ್ಷದಲ್ಲಿ ಯಾವ್ಯಾವ ಶಾಲೆ ಕಾಲೇಜಲ್ಲಿ ಪಾಠ ಮಾಡಿದೀರೋ ಅಲ್ಲೆಲ್ಲ ಸೇರಿದ ಮತ್ತು ರಿಲೀವ್ ಆದ ತಾರೀಖು. ಡಿಗ್ರಿ ಸರ್ಟಿಫಿಕೇಟೂ ಜೊತೆಗಿಟ್ಕೊಳ್ಳಿ, ಅದು ಯಾಕೆ ಬೇಕು ಅಂತ ಮುಂದೆ ಬರತ್ತೆ. ಶಾಲೆಯ ಯು-ಡೈಸ್ (ಮಕ್ಕಳು, ಶಿಕ್ಷಕರು, ಸೌಲಭ್ಯಗಳ ಅಂಕಿ ಇರೋ ಸರ್ಕಾರಿ ದಾಖಲೆ) ಮಾಹಿತಿಯ ಪ್ರಿಂಟ್ ಒಂದು ತೆಗೆಸಿಡಿ.

ಹಂತ 1: ನಿಮ್ಮ ಕ್ಷೇತ್ರ ಯಾವುದು, ಚುನಾವಣೆ ಯಾವಾಗ ಅಂತ ಲೆಕ್ಕ ಹಾಕಿ

ನಮ್ಮ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರದ್ದು, 7 ಪದವೀಧರರ ಕ್ಷೇತ್ರದ್ದು. ಸದಸ್ಯರ ಅವಧಿ 6 ವರ್ಷ. ಬೆಂಗಳೂರು ಮತ್ತು ಈಶಾನ್ಯ ಶಿಕ್ಷಕರ ಕ್ಷೇತ್ರಗಳಿಗೆ ಆರು ವರ್ಷಕ್ಕೊಮ್ಮೆ ಬರೋ ಚುನಾವಣೆ ನಡೆದಿದ್ದು 2020ರ ಅಕ್ಟೋಬರಲ್ಲಿ, ವಾಯವ್ಯ ಮತ್ತು ಪಶ್ಚಿಮದ್ದು 2022ರ ಜೂನಲ್ಲಿ, ಆಗ್ನೇಯ, ನೈರುತ್ಯ ಮತ್ತು ದಕ್ಷಿಣದ್ದು 2024ರ ಜೂನಲ್ಲಿ. ಇದಕ್ಕೆ ಆರು ಕೂಡಿಸಿದ್ರೆ ನಿಮ್ಮ ಮುಂದಿನ ಚುನಾವಣೆ ಸುಮಾರಾಗಿ ಯಾವಾಗ ಅಂತ ಸಿಗತ್ತೆ. ಮಧ್ಯದಲ್ಲಿ ಯಾರಾದ್ರೂ ರಾಜೀನಾಮೆ ಕೊಟ್ರೆ ಉಪಚುನಾವಣೆ ಬರಬಹುದು, ಬೆಂಗಳೂರು ಶಿಕ್ಷಕರ ಕ್ಷೇತ್ರದಲ್ಲಿ 2024ರ ಫೆಬ್ರವರಿಯಲ್ಲಿ ಆಗಿದ್ದು ಅದೇ.

ಇಲ್ಲಿ ತುಂಬಾ ಜನ ಎಡವೋದು ಯಾವ ಕ್ಷೇತ್ರ ಅನ್ನೋದ್ರಲ್ಲಿ. ಶಾಲೆ ಎಲ್ಲಿದೆ ಅನ್ನೋದಲ್ಲ, ನೀವು ವಾಸ ಇರೋದು ಎಲ್ಲಿ ಅನ್ನೋದು ಮುಖ್ಯ. ಮನೆ ತುಮಕೂರಲ್ಲಿ, ದಿನಾ ರೈಲಲ್ಲಿ ಬೆಂಗಳೂರಿಗೆ ಬಂದು ಪಾಠ ಮಾಡ್ತೀರಿ ಅಂದ್ರೆ ನೀವು ಆಗ್ನೇಯ ಕ್ಷೇತ್ರದ ಮತದಾರರು, ಬೆಂಗಳೂರಿನವರಲ್ಲ. ಅದೇ ರೀತಿ ಮನೆ ಮಂಡ್ಯದಲ್ಲಿದ್ದು ಕೆಲಸ ರಾಮನಗರ ಕಡೆ ಇದ್ರೆ ನಿಮ್ಮದು ದಕ್ಷಿಣ ಕ್ಷೇತ್ರ.

ಹಂತ 2: ಓಟು ಯಾರಿಗಿದೆ, ಯಾರಿಗಿಲ್ಲ

ಸಂವಿಧಾನದ 171ನೇ ವಿಧಿ ಪ್ರಕಾರ ಪ್ರೌಢಶಾಲೆಗಿಂತ ಕೆಳಗಿನ ಮಟ್ಟದ ಸಂಸ್ಥೆಯಲ್ಲಿ ಪಾಠ ಮಾಡೋರಿಗೆ ಶಿಕ್ಷಕರ ಕ್ಷೇತ್ರದಲ್ಲಿ ಓಟಿಲ್ಲ. ಹೈಸ್ಕೂಲು, ಪಿಯು, ಡಿಗ್ರಿ ಹೀಗೆ ಸರ್ಕಾರ ಗುರುತಿಸಿ ಪಟ್ಟಿ ಮಾಡಿರೋ ಸಂಸ್ಥೆಗಳಲ್ಲಿ, ಅರ್ಹತಾ ದಿನಾಂಕ ಅಂದ್ರೆ ನವೆಂಬರ್ 1ಕ್ಕೆ ಹಿಂದಿನ 6 ವರ್ಷದೊಳಗೆ ಒಟ್ಟು 3 ವರ್ಷ ಪಾಠ ಮಾಡಿರ್ಬೇಕು. "ಒಟ್ಟು" ಅನ್ನೋದನ್ನ ಗಮನಿಸಿ, ಒಂದೇ ಶಾಲೆಯಲ್ಲಿ ಸತತವಾಗಿ ಮೂರು ವರ್ಷ ಇರ್ಬೇಕು ಅಂತೇನಿಲ್ಲ. ಎರಡು ವರ್ಷ ಒಂದು ಖಾಸಗಿ ಹೈಸ್ಕೂಲು, ಮಧ್ಯ ಒಂದು ವರ್ಷ ಗ್ಯಾಪು, ಆಮೇಲೆ ಒಂದೂವರೆ ವರ್ಷ ಸರ್ಕಾರಿ ಪಿಯು ಕಾಲೇಜು ಅಂದ್ರೂ ನೀವು ಅರ್ಹರು.

ಇದೇ ಲೆಕ್ಕದಲ್ಲಿ ಇತ್ತೀಚೆಗೆ ನಿವೃತ್ತರಾದವರಿಗೂ ಓಟಿರತ್ತೆ. ಆ ಆರು ವರ್ಷದ ಒಳಗೆ ಮೂರು ವರ್ಷ ಸೇವೆ ಕೂಡಿ ಬಂದ್ರೆ ಸಾಕು. ಎಷ್ಟೋ ಜನ ಹಿರಿಯ ಮೇಷ್ಟ್ರು "ನಾನು ರಿಟೈರ್ ಆದೆನಲ್ಲಪ್ಪ" ಅಂತ ಅರ್ಜಿನೇ ಹಾಕಲ್ಲ. ಅವರ ಮನೆಗೆ ಹೋಗಿ ಫಾರಂ ಕೊಟ್ಟು ಬನ್ನಿ, ಇದು ಚಿಕ್ಕ ಕೆಲಸ ಆದ್ರೆ ತುಂಬಾ ಉಪಯೋಗ ಇದೆ.

ಪ್ರೈಮರಿ ಶಾಲೆ ಶಿಕ್ಷಕರಿಗೆ ಇಲ್ಲಿ ಓಟಿಲ್ಲ ಅನ್ನೋದು ನನಗೆ ಯಾವಾಗ್ಲೂ ನೋವಿನ ವಿಷಯ. ಸರ್ಕಾರಿ ಶಿಕ್ಷಣದ ಅಡಿಪಾಯ ಅಲ್ಲೇ ಇರೋದು, ಅವರನ್ನೇ ಹೊರಗಿಟ್ಟು ಶಿಕ್ಷಕರ ಪ್ರತಿನಿಧಿ ಅಂತ ಕರೀತೀವಿ. ಆದ್ರೆ ಅವರಿಗೆ ಬೇರೆ ಬಾಗಿಲು ಇದೆ: ಡಿಗ್ರಿ ಮುಗಿಸಿ ನವೆಂಬರ್ 1ಕ್ಕೆ ಮೂರು ವರ್ಷ ಆಗಿದ್ರೆ ಫಾರಂ 18 ಹಾಕಿ ಪದವೀಧರರ ಕ್ಷೇತ್ರದಲ್ಲಿ ಓಟು ಮಾಡ್ಬಹುದು. ಡಿಗ್ರಿ ಸರ್ಟಿಫಿಕೇಟ್ ಜೊತೆಗಿರ್ಲಿ ಅಂದಿದ್ದು ಇದಕ್ಕೇ. ಹೈಸ್ಕೂಲು ಶಿಕ್ಷಕರಂತೂ ಎರಡೂ ಕ್ಷೇತ್ರದಲ್ಲಿ ಮತದಾರರಾಗ್ಬಹುದು, ಫಾರಂ ಮಾತ್ರ ಬೇರೆ ಬೇರೆ.

ಹಂತ 3: ಫಾರಂ 19 ತುಂಬೋದು (ಅರ್ಧಕ್ಕರ್ಧ ಜನ ಸೋಲೋದು ಇಲ್ಲೇ)

ಮೊದಲು ಒಂದು ವಿಷಯ ತಲೆಯಲ್ಲಿ ಕೂರಿಸ್ಕೊಳ್ಳಿ. ಈ ಪಟ್ಟಿ ವಿಧಾನಸಭೆ ವೋಟರ್ ಲಿಸ್ಟ್ ತರ ಮುಂದುವರಿತಾ ಹೋಗಲ್ಲ. ಆರು ವರ್ಷಕ್ಕೊಮ್ಮೆ ಬರೋ ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗತ್ತೆ. ಹಾಗಾಗಿ ಹೋದ ಸಲ ನಿಮ್ಮ ಹೆಸರು ಇತ್ತು ಅನ್ನೋದಕ್ಕೆ ಈ ಸಲ ಬೆಲೆ ಇಲ್ಲ, ಮತ್ತೆ ಅರ್ಜಿ ಹಾಕ್ಲೇಬೇಕು.

ಸಾಮಾನ್ಯವಾಗಿ ಚುನಾವಣೆಗೆ ಮುಂಚಿನ ಅಕ್ಟೋಬರ್ ಹೊತ್ತಿಗೆ ಪ್ರಕಟಣೆ ಬರತ್ತೆ. 2024ರ ಜೂನ್ ಚುನಾವಣೆಗೆ ಅರ್ಜಿ ಕೊಡೋ ಕೊನೆ ದಿನ 2023ರ ನವೆಂಬರ್ 6 ಇತ್ತು, ಕರಡು ಪಟ್ಟಿ ನವೆಂಬರ್ 23ಕ್ಕೆ, ಅಂತಿಮ ಪಟ್ಟಿ ಡಿಸೆಂಬರ್ 30ಕ್ಕೆ ಬಂತು. ಅಂದ್ರೆ ಮತದಾನಕ್ಕೆ ಏಳು ತಿಂಗಳು ಮುಂಚೆನೇ ಮುಖ್ಯ ಕೆಲಸ ಮುಗಿದಿರತ್ತೆ. ದಸರಾ ರಜೆ, ದೀಪಾವಳಿ ಮಧ್ಯೆ ಈ ತಾರೀಖು ಬರೋದ್ರಿಂದ ಸುಮಾರು ಜನಕ್ಕೆ ಗೊತ್ತೇ ಆಗಲ್ಲ. ಸೆಪ್ಟೆಂಬರ್ ಕೊನೆಯಲ್ಲೇ ಕ್ಯಾಲೆಂಡರಲ್ಲಿ ಗುರುತು ಹಾಕಿಡಿ.

ಫಾರಂನಲ್ಲಿ ಸೇವೆಯ ವಿವರದ ಕೋಷ್ಟಕ ಒಂದಿರತ್ತೆ: ಸಂಸ್ಥೆ ಹೆಸರು, ಯಾವಾಗಿಂದ, ಯಾವಾಗಿನವರೆಗೆ, ಒಟ್ಟು ಅವಧಿ. ಬರೀ "6 ವರ್ಷ" ಅಂತ ಬರೆದು ಕೊಟ್ರೆ ಸಾಲದು. ಒಂದೊಂದು ಸಂಸ್ಥೆಗೂ ಒಂದೊಂದು ಸಾಲು, ತಾರೀಖು ಸಮೇತ. ಮುಖ್ಯ ಶಿಕ್ಷಕರು ಅಥವಾ ಪ್ರಿನ್ಸಿಪಾಲರು ಕೊಡೋ ಸರ್ಟಿಫಿಕೇಟಲ್ಲಿ ಇರೋ ತಾರೀಖೂ ಈ ಕೋಷ್ಟಕದ ತಾರೀಖೂ ತಾಳೆ ಆಗ್ಬೇಕು. ಎರಡು ಕಡೆ ಕೆಲಸ ಮಾಡಿದ್ದು ಸೇರಿಸಿ ಮೂರು ವರ್ಷ ಆಗೋದಾದ್ರೆ ಎರಡೂ ಕಡೆಯಿಂದ ಸರ್ಟಿಫಿಕೇಟ್ ತರ್ಬೇಕು. ಹಳೇ ಶಾಲೆಯವರು ಕೊಡೋಕೆ ಎಳೆದಾಡ್ತಾರೆ, ಹಾಗಾಗಿ ಆಗಸ್ಟಲ್ಲೇ ಕೇಳೋಕೆ ಶುರು ಮಾಡಿ.

ಅತಿಥಿ ಶಿಕ್ಷಕರು, ಪಾರ್ಟ್ ಟೈಮ್ ಕೆಲಸ ಮಾಡೋರು ನೇಮಕಾತಿ ಪತ್ರ, ಸಂಬಳ ಬಂದ ದಾಖಲೆ ಎಲ್ಲ ತಗೊಂಡು ಮೊದಲೇ ತಹಶೀಲ್ದಾರ್ ಆಫೀಸಿನ ಚುನಾವಣಾ ಶಾಖೆಯಲ್ಲಿ ಲಿಖಿತವಾಗಿ ಕೇಳಿ. ಬಾಯಿ ಮಾತಲ್ಲಿ "ಆಗತ್ತೆ ಹೋಗಿ" ಅಂದಿದ್ದನ್ನ ನಂಬ್ಕೊಂಡು ಕೂರ್ಬೇಡಿ.

ಕೊಡೋ ರೀತಿಯಲ್ಲೂ ಒಂದು ನಿಯಮ ಇದೆ. ಯಾರೋ ಒಬ್ಬರು ನೂರು ಫಾರಂ ಕಟ್ಟಿ ತಂದು ಟೇಬಲ್ ಮೇಲೆ ಇಟ್ರೆ ಚುನಾವಣಾ ಆಯೋಗ ಅದನ್ನ ಒಪ್ಪಲ್ಲ. ಆದ್ರೆ ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯ ಅರ್ಜಿಗಳನ್ನೆಲ್ಲ ಒಟ್ಟಿಗೆ ಕವರಿಂಗ್ ಲೆಟರ್ ಹಾಕಿ ಕಳಿಸ್ಬಹುದು. ಇದು ಎಲ್ಲಕ್ಕಿಂತ ಸುಲಭದ ದಾರಿ. ಹೆಡ್ ಮೇಷ್ಟ್ರ ಹತ್ರ ಮಾತಾಡಿ ಒಂದು ಶನಿವಾರ ಮಧ್ಯಾಹ್ನ ಎಲ್ಲರೂ ಕೂತು ತುಂಬಿ, ಒಬ್ಬರದು ಇನ್ನೊಬ್ಬರು ಚೆಕ್ ಮಾಡಿ, ಸ್ವೀಕೃತಿ ಪಡೆದು ಅದರ ಫೋಟೋ ಇಟ್ಕೊಳ್ಳಿ.

ಎಚ್ಚರ ಆಗ್ಬೇಕಾದ ಲಕ್ಷಣ: ಯಾವುದೋ ಪಕ್ಷದ ಕಡೆಯವರು ಅಥವಾ ಆಕಾಂಕ್ಷಿ ಅಭ್ಯರ್ಥಿ ಕಡೆಯವರು ಬಂದು "ಖಾಲಿ ಫಾರಂಗೆ ಸೈನ್ ಹಾಕಿ, ಆಧಾರ್ ಜೆರಾಕ್ಸ್ ಕೊಡಿ, ಮಿಕ್ಕಿದ್ದು ನಾವು ನೋಡ್ಕೋತೀವಿ" ಅಂದ್ರೆ ಕೊಡ್ಬೇಡಿ. ನಿಮ್ಮ ಫಾರಂ ಆಫೀಸಿಗೆ ಹೋಗತ್ತೋ ಇಲ್ವೋ ಗೊತ್ತಿರಲ್ಲ, ನಿಮ್ಮ ನಂಬರ್ ಮಾತ್ರ ಅವರ ಲಿಸ್ಟಿಗೆ ಸೇರಿರತ್ತೆ. ಮ್ಯಾನೇಜ್‌ಮೆಂಟ್‌ನವರು ಪಾಠ ಮಾಡದೆ ಇರೋರಿಗೂ ಸರ್ಟಿಫಿಕೇಟ್ ಕೊಡ್ತಿದ್ರೆ ಅದು ಸುಳ್ಳು ಘೋಷಣೆ, ಅಪರಾಧ. ಅದಕ್ಕೆ ನೀವು ಸಾಕ್ಷಿ ಸಹಿ ಹಾಕ್ಬೇಡಿ.

ಹಂತ 4: ಕರಡು ಪಟ್ಟಿ ನೋಡೋದು

ಅರ್ಜಿ ಕೊಟ್ಟಾಯ್ತು ಅಂತ ಸುಮ್ಮನಾಗೋದು ಇನ್ನೊಂದು ದೊಡ್ಡ ತಪ್ಪು. ಕರಡು ಬಂದ ದಿನವೇ ತಹಶೀಲ್ದಾರ್ ಆಫೀಸಲ್ಲಿ ಅಥವಾ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಲ್ಲಿ ಹೆಸರು ಹುಡುಕಿ. ಹೆಸರು, ತಂದೆ ಅಥವಾ ಗಂಡನ ಹೆಸರು, ಸಂಸ್ಥೆ, ಮತಗಟ್ಟೆ ಎಲ್ಲ ನೋಡಿ. ಬಿಟ್ಟು ಹೋಗಿದ್ರೆ ಆಕ್ಷೇಪಣೆ ಅವಧಿಯಲ್ಲೇ ಮತ್ತೆ ಅರ್ಜಿ ಕೊಡಿ, ಜೊತೆಗೆ ಹಳೇ ಸ್ವೀಕೃತಿ ಲಗತ್ತಿಸಿ. ಅಂತಿಮ ಪಟ್ಟಿ ಆದ್ಮೇಲೂ ಸೇರ್ಪಡೆ ನಡೀತಿರತ್ತೆ, ಆದ್ರೆ ನಾಮಪತ್ರದ ಕೊನೆ ದಿನ ಹತ್ತಿರ ಬಂದಾಗ ಕೊಟ್ಟ ಅರ್ಜಿ ವಿಚಾರಣೆ ಮುಗಿಯೋದ್ರೊಳಗೆ ಬಾಗಿಲು ಮುಚ್ಚಿರತ್ತೆ.

ಹಂತ 5: ನಿಮ್ಮ ಗೆರೆ ಎಲ್ಲಿದೆ ಅಂತ ತಿಳ್ಕೊಳ್ಳಿ

ಸರ್ಕಾರಿ ಶಾಲೆ ಶಿಕ್ಷಕರು ನಡತೆ ನಿಯಮದ ಅಡಿಯಲ್ಲಿ ಬರ್ತಾರೆ. ಪಕ್ಷದ ಸದಸ್ಯತ್ವ, ಪ್ರಚಾರ, ಪಕ್ಷಕ್ಕೆ ಚಂದಾ ಎಲ್ಲ ನಿಷಿದ್ಧ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 134ಎ ಪ್ರಕಾರ ಸರ್ಕಾರಿ ನೌಕರರು ಅಭ್ಯರ್ಥಿಯ ಎಲೆಕ್ಷನ್ ಏಜೆಂಟ್, ಪೋಲಿಂಗ್ ಏಜೆಂಟ್ ಅಥವಾ ಕೌಂಟಿಂಗ್ ಏಜೆಂಟ್ ಆದ್ರೆ 3 ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲಾಂದ್ರೆ ಎರಡೂ. ನಿಮ್ಮ ಸಹಾಯ ಪಡೆದ ಅಭ್ಯರ್ಥಿಗೂ ತೊಂದ್ರೆ, ಅದೇ ಕಾಯ್ದೆಯ 123(7)ರಲ್ಲಿ ಅದು ಭ್ರಷ್ಟ ಆಚರಣೆ.

ಇವತ್ತಿನ ದಿನ ಜನ ಸಿಕ್ಕಿ ಬೀಳೋದು ವೇದಿಕೆ ಮೇಲೆ ಅಲ್ಲ, ವಾಟ್ಸಪಲ್ಲಿ. ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ) ಗ್ರೂಪಿಗೆ ಅಭ್ಯರ್ಥಿಯ ಪೋಸ್ಟರ್ ಫಾರ್ವರ್ಡ್ ಮಾಡೋದು, ಸ್ಟೇಟಸ್ ಹಾಕೋದು, "ನಮ್ಮವರಿಗೇ ನಿಮ್ಮ ಪ್ರಾಶಸ್ತ್ಯದ ಮತ" ಅಂತ ಕಾಮೆಂಟ್ ಮಾಡೋದು, ಅದರ ಸ್ಕ್ರೀನ್‌ಶಾಟ್ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋದ್ರೆ ನೋಟಿಸ್ ಬರತ್ತೆ, ಸಸ್ಪೆಂಡ್ ಆಗೋವರೆಗೂ ಹೋಗ್ಬಹುದು. ನೀತಿ ಸಂಹಿತೆ ಜಾರಿಯಾದ ದಿನದಿಂದ ಸ್ಟಾಫ್ ಗ್ರೂಪಲ್ಲಿ ಅಡ್ಮಿನ್ ಮಾತ್ರ ಪೋಸ್ಟ್ ಮಾಡೋ ಹಾಗೆ ಸೆಟ್ಟಿಂಗ್ ಬದಲಾಯಿಸಿಡಿ.

ಹಾಗಾದ್ರೆ ಮಾಡ್ಬಹುದಾದ್ದು ಏನು? ನೋಂದಣಿಗೆ ಸಹೋದ್ಯೋಗಿಗಳಿಗೆ ಸಹಾಯ ಮಾಡೋದು, ಓಟು ಹಾಕೋ ಕ್ರಮ ಹೇಳಿಕೊಡೋದು, ಮಾನ್ಯತೆ ಇರೋ ಸಂಘದ ಮೂಲಕ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಬೇಡಿಕೆ ಪತ್ರ ಕೊಡೋದು. ಯಾರಿಗೂ ಒಲವು ತೋರಿಸದೆ ಮಾಡಿದ್ರೆ ಇದ್ಯಾವುದೂ ಪ್ರಚಾರ ಆಗಲ್ಲ.

ಅನುದಾನಿತ ಶಾಲೆಯವರು ತಮ್ಮ ಸೇವಾ ನಿಯಮ ಓದಿ, ಅನುಮಾನ ಇದ್ರೆ ಲಿಖಿತವಾಗಿ ಕೇಳಿ, ಉತ್ತರ ಬರೋವರೆಗೂ ಸರ್ಕಾರಿ ನೌಕರರ ಗೆರೆಯೊಳಗೇ ಇರಿ. ಖಾಸಗಿ ಅನುದಾನರಹಿತ ಶಾಲೆಯವರಿಗೆ ಈ ನಿಯಮ ಇಲ್ಲ, ಅವರು ಬಹಿರಂಗವಾಗಿ ಪ್ರಚಾರ ಮಾಡ್ಬಹುದು, ಆದ್ರೆ ಮ್ಯಾನೇಜ್‌ಮೆಂಟ್ ಹೇಳಿದವರಿಗೇ ಮಾಡ್ಬೇಕು ಅನ್ನೋ ಒತ್ತಡ ಇರತ್ತೆ. ಓಟು ಗುಪ್ತ ಅನ್ನೋದನ್ನ ಮರೀಬೇಡಿ.

ನಾನೇ ನಿಲ್ತೀನಿ ಅನ್ನೋರಿಗೆ: ವಯಸ್ಸು 30 ಆಗಿರ್ಬೇಕು, ರಾಜ್ಯದ ಯಾವುದಾದ್ರೂ ವಿಧಾನಸಭಾ ಕ್ಷೇತ್ರದ ಮತದಾರರಾಗಿರ್ಬೇಕು, ಸರ್ಕಾರಿ ಕೆಲಸದಲ್ಲಿದ್ರೆ ಮೊದಲು ಬಿಡ್ಬೇಕು. ಶಿಕ್ಷಕರ ಕ್ಷೇತ್ರದ ಅಭ್ಯರ್ಥಿ ಶಿಕ್ಷಕರೇ ಆಗಿರ್ಬೇಕು ಅಂತ ಕಾನೂನು ಹೇಳಲ್ಲ, ಉದ್ಯಮಿನೂ ನಿಲ್ಬಹುದು, ಕಾಲೇಜು ಮಾಲೀಕರೂ ನಿಲ್ಬಹುದು. ಮುಂದಿನ ಹಂತ ಅಷ್ಟು ಮುಖ್ಯ ಆಗೋದು ಇದಕ್ಕೇ.

ಹಂತ 6: ಬೇಡಿಕೆ ಪಟ್ಟಿ ಶಾಲೆಯಿಂದ ಶುರುವಾಗ್ಲಿ

ನಾವು ಸಾಮಾನ್ಯವಾಗಿ ಕೊಡೋ ಪಟ್ಟಿ ನೋಡಿ: ಹಳೇ ಪಿಂಚಣಿ, ಬಡ್ತಿ, ವರ್ಗಾವಣೆ, ವೇತನ ತಾರತಮ್ಯ. ಎಲ್ಲವೂ ನ್ಯಾಯವಾದ ಬೇಡಿಕೆಗಳೇ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿ ಹಳೇ ಪಿಂಚಣಿ ಸಿಗದವರ ಸಂಕಟ ಏನು ಅಂತ ಎಲ್ಲರಿಗೂ ಗೊತ್ತು. ಆದ್ರೆ ಪಟ್ಟಿಯಲ್ಲಿ ಮಕ್ಕಳೇ ಇಲ್ಲ ಅಂದ್ರೆ ಅಪ್ಪ ಅಮ್ಮಂದಿರು ನಮ್ಮ ಜೊತೆ ಯಾಕೆ ನಿಲ್ತಾರೆ? ಹಾಗಾಗಿ ಮೊದಲ ಪುಟ ಶಾಲೆಯದ್ದಾಗಿರ್ಲಿ, ಎರಡನೇ ಪುಟ ನಮ್ಮದು.

ಮೊದಲ ಪುಟದಲ್ಲಿ ಅಂಕಿ ಇರ್ಲಿ. "ಶಿಕ್ಷಕರ ಕೊರತೆ ನೀಗಿಸಿ" ಅಂತ ಬರೆದ್ರೆ ಯಾರು ಬೇಕಾದ್ರೂ "ಖಂಡಿತ" ಅಂತಾರೆ. ಅದರ ಬದಲು ಯು-ಡೈಸ್ ಮತ್ತು ಬಿಇಒ ಆಫೀಸಿನ ಮಾಹಿತಿ ಇಟ್ಕೊಂಡು ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಮಂಜೂರಾದ ಗಣಿತ, ವಿಜ್ಞಾನ, ಇಂಗ್ಲಿಷ್ ಹುದ್ದೆ ಎಷ್ಟು, ಖಾಲಿ ಎಷ್ಟು, ಅತಿಥಿ ಶಿಕ್ಷಕರ ಮೇಲೆ ನಡೀತಿರೋ ಶಾಲೆ ಯಾವ್ಯಾವು, ಹೆಣ್ಮಕ್ಕಳ ಶೌಚಾಲಯಕ್ಕೆ ನೀರಿಲ್ಲದ ಶಾಲೆ ಯಾವ್ಯಾವು ಅಂತ ಹೆಸರು ಸಮೇತ ಬರೀರಿ. ಅನುದಾನಿತ ಶಾಲೆಗಳಲ್ಲಿ ನಿವೃತ್ತಿಯಾದವರ ಜಾಗ ಖಾಲಿ ಬಿದ್ದಿರೋದನ್ನೂ ವಿಷಯವಾರು ಬರೀರಿ.

ಆಮೇಲೆ ಎಲ್ಲ ಅಭ್ಯರ್ಥಿಗಳಿಗೂ ಅವೇ ನಾಲ್ಕೈದು ಪ್ರಶ್ನೆ ಕಳಿಸಿ, ಉತ್ತರ ಸಹಿ ಹಾಕಿ ಲಿಖಿತವಾಗಿ ಕೇಳಿ. ಪ್ರಶ್ನೆ ಹೀಗಿರ್ಲಿ: ಮೊದಲ ಅಧಿವೇಶನದಲ್ಲಿ ಯಾವ ವಿಷಯಕ್ಕೆ ಪ್ರಶ್ನೆ ಹಾಕ್ತೀರಿ? ನಿಮ್ಮ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಸರ್ಕಾರಿ ಶಾಲೆಗೆ ಎಷ್ಟು ಪಾಲು? ನಿಮ್ಮದೇ ಖಾಸಗಿ ಸಂಸ್ಥೆ ಇದೆಯಾ, ಇದ್ರೆ ಅಲ್ಲಿನ ಶಿಕ್ಷಕರಿಗೆ ಸಂಬಳ ಎಷ್ಟು ಕೊಡ್ತೀರಿ? ಈ ಕೊನೆ ಪ್ರಶ್ನೆ ಕೇಳೋಕೆ ಮುಜುಗರ ಪಡ್ಬೇಡಿ. ಅಫಿಡವಿಟಲ್ಲಿ ಆಸ್ತಿ, ಕೇಸು ಎಲ್ಲ ಇರತ್ತೆ, ಅದನ್ನೂ ಓದಿ.

ಎಚ್ಚರದ ಲಕ್ಷಣ ಇಲ್ಲೂ ಇದೆ. ವಾಚು, ಸೀರೆ, ಬ್ಯಾಗು, ರೆಸಾರ್ಟ್ ಊಟ ಬಂದ್ರೆ ಅದು ಲಂಚ. ಕೊಡೋದೂ ತಪ್ಪು, ತಗೊಳ್ಳೋದೂ ತಪ್ಪು. ತರಗತಿಯಲ್ಲಿ ಸಂವಿಧಾನದ ಪಾಠ ಮಾಡೋರು ನಾವು, ಮಕ್ಕಳು ಇದನ್ನೆಲ್ಲ ನೋಡ್ತಿರ್ತಾರೆ. ದೂರು ಕೊಡೋಕೆ ಜಿಲ್ಲಾ ಚುನಾವಣಾಧಿಕಾರಿ ಕಚೇರಿ ಇದೆ, 1950 ಸಹಾಯವಾಣಿ ಇದೆ.

ಹಂತ 7: ಬೂತಿನೊಳಗೆ

ಇಲ್ಲಿ ಇವಿಎಂ ಇಲ್ಲ, ಬ್ಯಾಲೆಟ್ ಪೇಪರ್, ಅದರಲ್ಲಿ ಚಿಹ್ನೆ ಇರಲ್ಲ. ಅಭ್ಯರ್ಥಿ ಹೆಸರಿನ ಮುಂದೆ ಖಾಲಿ ಕಾಲಂ ಇರತ್ತೆ, ಅಲ್ಲಿ ಪ್ರಾಶಸ್ತ್ಯದ ಅಂಕಿ ಬರೀಬೇಕು. ಅಲ್ಲಿ ಕೊಡೋ ನೇರಳೆ ಬಣ್ಣದ ಸ್ಕೆಚ್ ಪೆನ್ ಬಿಟ್ಟು ಬೇರೆ ಯಾವ ಪೆನ್ನೂ ಮುಟ್ಬೇಡಿ, ಜೇಬಲ್ಲಿರೋ ಕೆಂಪು ಪೆನ್ ಮರೆತುಬಿಡಿ. ಮೊದಲ ಆಯ್ಕೆಗೆ 1 ಬರೀಲೇಬೇಕು, ಅದಿಲ್ಲದಿದ್ರೆ ಮತ ಕೆಟ್ಟಂಗೆ. ಆಮೇಲೆ 2, 3 ನಿಮ್ಮ ಇಷ್ಟ. 1 ಅನ್ನೋದನ್ನ ಒಬ್ಬರಿಗೆ ಮಾತ್ರ ಕೊಡ್ಬೇಕು. ಕನ್ನಡ ಅಂಕಿ ೧, ೨ ಬರೆದ್ರೂ ಆಗತ್ತೆ, ಆದ್ರೆ "ಒಂದು" ಅಂತ ಅಕ್ಷರದಲ್ಲಿ ಬರೀಬಾರದು. ಟಿಕ್, ಇಂಟು ಗುರುತು, ಸಹಿ, ಹೆಸರು, ಹೆಬ್ಬೆಟ್ಟು ಏನಿದ್ರೂ ತಿರಸ್ಕೃತ. ದಿನಾ ಉತ್ತರ ಪತ್ರಿಕೆಗೆ ಟಿಕ್ ಹಾಕಿ ಸಹಿ ಮಾಡೋ ಕೈ ನಮ್ಮದು, ಅದಕ್ಕೇ ಹಿಂದಿನ ದಿನ ಖಾಲಿ ಹಾಳೆ ಮೇಲೆ ಒಂದ್ಸಲ ಬರೆದು ನೋಡ್ಕೊಳ್ಳಿ.

"1 ಮಾತ್ರ ಹಾಕಿ, 2 ಹಾಕಿದ್ರೆ ನಮ್ಮವರಿಗೆ ಪೆಟ್ಟು" ಅಂತ ಹೇಳೋರು ಇರ್ತಾರೆ. ಅದು ತಪ್ಪು. ಎಣಿಕೆ ಹೇಗೆ ಅಂತ ನೋಡಿ: ಸಿಂಧು ಮತ (ಸರಿಯಾಗಿ ಬಿದ್ದ ಮತ) 1000 ಅಂದ್ಕೊಳ್ಳಿ. ಅದರ ಅರ್ಧಕ್ಕೆ ಒಂದು ಸೇರಿಸಿ 501 ಬಂದವರು ಗೆದ್ದಂಗೆ. ರಮೇಶ್‌ಗೆ 420, ಸುಮಾಗೆ 380, ನಾಗಪ್ಪಗೆ 200 ಬಂತು, ಯಾರೂ 501 ಮುಟ್ಲಿಲ್ಲ. ಕಡಿಮೆ ಬಂದ ನಾಗಪ್ಪ ಹೊರಗೆ ಹೋಗ್ತಾರೆ, ಅವರ 200 ಬ್ಯಾಲೆಟಲ್ಲಿ 2 ಯಾರಿಗೆ ಅಂತ ನೋಡ್ತಾರೆ. 130 ಸುಮಾಗೆ, 20 ರಮೇಶ್‌ಗೆ, 50ರಲ್ಲಿ 2 ಬರೆದೇ ಇಲ್ಲ. ಸುಮಾ 510ಕ್ಕೆ ಗೆಲ್ತಾರೆ. ಆ 50 ಜನ ಕೊನೆ ಸುತ್ತಿನಲ್ಲಿ ಲೆಕ್ಕಕ್ಕೇ ಬರ್ಲಿಲ್ಲ. ನಿಮ್ಮ ಮೊದಲ ಆಯ್ಕೆ ಕಣದಲ್ಲಿ ಇರೋವರೆಗೂ ನಿಮ್ಮ 2ನ್ನ ಯಾರೂ ನೋಡೋದೇ ಇಲ್ಲ, ಹಾಗಾಗಿ ಪೆಟ್ಟು ಅನ್ನೋ ಮಾತೇ ಇಲ್ಲ. ಸರ್ಕಾರಿ ಶಾಲೆ ಬಗ್ಗೆ ಲಿಖಿತ ಉತ್ತರ ಕೊಟ್ಟವರಿಗೆಲ್ಲ ಕ್ರಮವಾಗಿ ಅಂಕಿ ಕೊಡಿ.

ಹಂತ 8: ವಿಧಾನಸಭೆ, ಲೋಕಸಭೆ ಡ್ಯೂಟಿ ಇದ್ದಾಗ ಸ್ವಂತ ಓಟು ಕಳ್ಕೋಬೇಡಿ

ಊರಿಗೆಲ್ಲ ಓಟು ಹಾಕ್ಸಿ ತಮ್ಮ ಓಟು ಬಿಡೋರು ಶಿಕ್ಷಕರೇ ಜಾಸ್ತಿ. ಮೊದಲ ಟ್ರೈನಿಂಗ್ ದಿನವೇ ಫಾರಂ 12 ಕೊಟ್ಟು ಅಂಚೆ ಮತಪತ್ರ ಕೇಳಿ. ಲೋಕಸಭೆಯಲ್ಲಿ ನಿಮ್ಮ ಡ್ಯೂಟಿ ನಿಮ್ಮದೇ ಕ್ಷೇತ್ರದೊಳಗಿದ್ರೆ ಫಾರಂ 12ಎ ಕೊಟ್ಟು ಇಡಿಸಿ (ಚುನಾವಣಾ ಕರ್ತವ್ಯ ಪ್ರಮಾಣಪತ್ರ) ತಗೊಂಡು ಡ್ಯೂಟಿ ಬೂತಲ್ಲೇ ಹಾಕ್ಬಹುದು. ಅಂಚೆ ಮತಪತ್ರ ಮನೆಗೆ ತಗೊಂಡು ಹೋಗಿ ಪೋಸ್ಟ್ ಮಾಡೋ ಕಾಲ ಹೋಯ್ತು, 2023ರ ತಿದ್ದುಪಡಿ ನಂತರ ಫೆಸಿಲಿಟೇಶನ್ ಸೆಂಟರಲ್ಲೇ (ಡ್ಯೂಟಿಯವರು ಓಟು ಹಾಕೋಕೆ ಮಾಡಿರೋ ಕೇಂದ್ರ) ಹಾಕಿ ಅಲ್ಲೇ ಕೊಡ್ಬೇಕು. ಮತಪತ್ರ ಒಳಗಿನ 13ಬಿ ಲಕೋಟೆಗೆ, ಸಹಿಯಾದ 13ಎ ಘೋಷಣೆ ಹೊರಗಿನ 13ಸಿ ಲಕೋಟೆಗೆ. 13ಎ ತಪ್ಪಿ ಒಳಗಿನ ಲಕೋಟೆಗೆ ಹೋದ್ರೆ ಅಥವಾ ಸಹಿ ದೃಢೀಕರಣ ಇಲ್ಲದಿದ್ರೆ ಓಟು ಹೋಯ್ತು.

ಹಂತ 9: ಪ್ರೈಮರಿ ಶಾಲೆಯವರಿಗೆ ಪಂಚಾಯ್ತಿ ದಾರಿ

ಕಾಂಪೌಂಡು, ಶೌಚಾಲಯ, ಆಟದ ಮೈದಾನದಂಥ ಕೆಲಸ ನರೇಗಾದಲ್ಲಿ ಆಗಿರೋ ಶಾಲೆಗಳನ್ನ ನೋಡಿದ್ರೆ ಗ್ರಾಮ ಪಂಚಾಯ್ತಿ ಎಷ್ಟು ಮುಖ್ಯ ಅಂತ ಗೊತ್ತಾಗತ್ತೆ. ಪಂಚಾಯ್ತಿ ಚುನಾವಣೆಯಲ್ಲಿ ಶಿಕ್ಷಕರು ಮಾತಾಡೋ ಹಾಗಿಲ್ಲ, ಆದ್ರೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪೋಷಕರು ಮಾತಾಡ್ಬಹುದು. ಶಾಲೆಯ ಕೊರತೆ ಪಟ್ಟಿಯನ್ನ ಎಸ್‌ಡಿಎಂಸಿ ಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿ, ಅದರ ಒಂದು ಪ್ರತಿಯನ್ನ ಸಮಿತಿಯ ಅಧ್ಯಕ್ಷರ ಕೈಗೆ ಕೊಡಿ. ಅವರು ಅದನ್ನ ಯಾವ ಅಭ್ಯರ್ಥಿ ಮುಂದೆ ಬೇಕಾದ್ರೂ ಇಟ್ಟು ಕೇಳ್ಲಿ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ನಿಂತು "ನಮ್ಮ ಶಾಲೆ ನಲ್ಲಿಗೆ ನೀರು ಬರಲ್ಲ" ಅಂದಾಗ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಬರೆದುಕೊಳ್ಳಲೇಬೇಕಾಗತ್ತೆ, ಅದಕ್ಕೂ ಮಕ್ಕಳನ್ನ ತಯಾರು ಮಾಡಿ. ಮಾತು ಮಾತ್ರ ಅವರದ್ದೇ ಆಗಿರ್ಲಿ.

ಹಂತ 10: ಗೆದ್ದ ಮೇಲೆ

ಫಲಿತಾಂಶ ಬಂದ ತಿಂಗಳೊಳಗೆ ಲಿಖಿತ ಉತ್ತರದ ಪ್ರತಿ ತಗೊಂಡು ಗೆದ್ದವರನ್ನ ಭೇಟಿ ಮಾಡಿ. ಹಾರ ಶಾಲು ತಗೊಂಡು ಹೋಗ್ಬೇಡಿ, ಪ್ರಶ್ನೆಯ ಕರಡು ತಗೊಂಡು ಹೋಗಿ. ಪರಿಷತ್ತಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರ ಕೊಡ್ಬೇಕಾಗತ್ತೆ, ಚುಕ್ಕೆ ರಹಿತಕ್ಕೆ ಲಿಖಿತ ಉತ್ತರ ಬರತ್ತೆ. ತಾಲ್ಲೂಕುವಾರು ಖಾಲಿ ಹುದ್ದೆ ಅಂಕಿ ಬೇಕಾದ್ರೆ ಚುಕ್ಕೆ ರಹಿತ ಪ್ರಶ್ನೆನೇ ಒಳ್ಳೇದು, ಇಲಾಖೆ ಕೊಟ್ಟ ಅಂಕಿ ದಾಖಲೆಯಾಗಿ ಉಳಿಯತ್ತೆ. ತುರ್ತು ವಿಷಯಕ್ಕೆ ಗಮನ ಸೆಳೆಯುವ ಸೂಚನೆ ಅಥವಾ ಶೂನ್ಯ ವೇಳೆ ಇದೆ. ಪ್ರಶ್ನೆಗೆ ಮುಂಚಿತ ನೋಟಿಸ್ ಬೇಕು, ಹಾಗಾಗಿ ಬೆಳಗಾವಿ ಅಧಿವೇಶನ ಶುರುವಾದ ದಿನ ಮನವಿ ಕೊಟ್ರೆ ತಡ ಆಗಿರತ್ತೆ, ಒಂದು ತಿಂಗಳು ಮುಂಚೆನೇ ಅವರ ಆಪ್ತ ಸಹಾಯಕರಿಗೆ ತಲುಪಿಸಿ ಫೋನ್ ಮಾಡಿ ಕೇಳ್ತಾ ಇರಿ. ಉತ್ತರದ ಪ್ರತಿ ಸಿಕ್ಕ ಕೂಡ್ಲೇ ಬಿಇಒ ಆಫೀಸಿನ ಅಂಕಿ ಜೊತೆ ತಾಳೆ ಹಾಕಿ, ವ್ಯತ್ಯಾಸ ಇದ್ರೆ ಶಾಲೆ ಹೆಸರು ಸಮೇತ ಬರೆದು ಮುಂದಿನ ಅಧಿವೇಶನಕ್ಕೆ ಎರಡನೇ ಪ್ರಶ್ನೆ ತಯಾರು ಮಾಡಿ.